ಪಾಳುಬಿದ್ದ ಕಡಲ ಸೇತುವೆ ಮತ್ತು ಛಾಯಾಚಿತ್ರದ ಸಾಕ್ಷಿ

“ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಒಂದು ವಸ್ತುವನ್ನು ಒಮ್ಮೆ ನೋಡಿದ ಮಾತ್ರಕ್ಕೆ ಅದರ ನಿಜಸ್ಥಿತಿ ತಿಳಿಯುವುದಿಲ್ಲ. ಮತ್ತೆ ಮತ್ತೆ ನೋಡಬೇಕು, ಹಿಂದೆ ಕಂಡದ್ದರೊಡನೆ ಹೋಲಿಸಬೇಕು ಎಂಬುದು ಇದರ ತಾತ್ಪರ್ಯ. ಈ ಮಾತನ್ನು ವಿವರಿಸುವುದಕ್ಕಾಗಿ ಸಮುದ್ರತೀರದಲ್ಲಿ ಪಾಳುಬಿದ್ದ ಸೇತುವೆಗಳನ್ನೂ, ಅವುಗಳನ್ನು ಹಲವಾರು ವರ್ಷ ಛಾಯಾಚಿತ್ರಗಳಲ್ಲಿ ಹಿಡಿದಿಡುವ ಕೆಲಸವನ್ನೂ ಈ ಪಾಠಕ್ಕೆ ವಿಷಯವಾಗಿ ಆರಿಸಿಕೊಂಡಿದ್ದೇವೆ.

ಕಾರಿಮಂಗಲದ ಮಕ್ಕಳಿಗೂ ಕಡಲಿಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದ್ದೇ ಇದೆ. ಕರ್ನಾಟಕದ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು ನೀವೆಲ್ಲ ಬಲ್ಲಿರಿ. ತಮಿಳಿನಲ್ಲಿ ಅದಕ್ಕೆ ತೆನ್ಪೆಣ್ಣೈ ಎಂದು ಹೆಸರು. ಅದು ಕೃಷ್ಣಗಿರಿ ಅಣೆಕಟ್ಟನ್ನು ದಾಟಿ, ನಮ್ಮ ನೆರೆಯ ಕಾವೇರಿಪಟ್ಟಣದ ಮಗ್ಗುಲಲ್ಲಿ ಹರಿದು, ಸಾತನೂರು ಅಣೆಕಟ್ಟನ್ನು ಹಾದು, ಕಡಲೂರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಪುದುಚೇರಿ. ನಮ್ಮ ಊರಿನಿಂದ ತಿರುವಣ್ಣಾಮಲೆಯ ಮಾರ್ಗವಾಗಿ ಹೋದರೆ ಸುಮಾರು 200 ಕಿಲೋಮೀಟರು. ಶಾಲಾ ಪ್ರವಾಸದಲ್ಲಿ ಮೊದಲ ಬಾರಿಗೆ ಸಮುದ್ರವನ್ನು ಕಾಣುವ ನಮ್ಮ ಕಡೆಯ ಮಕ್ಕಳಿಗೆ ಹತ್ತಿರವಾದ ಕಡಲೂರುಗಳಲ್ಲಿ ಅದೂ ಒಂದು.

ಕಡಲ ಸೇತುವೆ ಎಂದರೇನು?

ನದಿಯ ಸೇತುವೆಗೆ ಎರಡು ದಡಗಳುಂಟು. ಕಡಲ ಸೇತುವೆಗೆ ಒಂದೇ ದಡ. ಅದು ನೆಲದಿಂದ ಹೊರಟು ನೇರವಾಗಿ ಸಮುದ್ರದೊಳಕ್ಕೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಇಂಗ್ಲಿಷಿನವರು ಇದನ್ನು ‘ಪಿಯರ್’ ಎನ್ನುತ್ತಾರೆ. ಕೇರಳದಲ್ಲಿ ‘ಕಡಲ್‌ಪಾಲಂ’ ಎಂಬ ಸೊಗಸಾದ ಹೆಸರಿದೆ.

ಎಲ್ಲಿಗೂ ಮುಟ್ಟಿಸದ ಸೇತುವೆ ಏಕೆ ಬೇಕು? ತಮಿಳುನಾಡಿನ ಕಡಲಂಚು ಬಹುಮಟ್ಟಿಗೆ ನೇರವಾದದ್ದು. ಅಲೆಗಳಿಂದ ಹಡಗನ್ನು ಕಾಪಾಡುವ ಕೊಲ್ಲಿಗಳು ಇಲ್ಲಿ ವಿರಳ. ದಡದ ಹತ್ತಿರ ನೀರು ಆಳವಿಲ್ಲದಿರುವುದರಿಂದ ದೊಡ್ಡ ಹಡಗುಗಳು ದೂರದಲ್ಲಿಯೇ ಲಂಗರು ಹಾಕಬೇಕಾಗಿತ್ತು. ಅಲ್ಲಿಂದ ಸರಕನ್ನೂ ಜನರನ್ನೂ ದಡಕ್ಕೆ ತರುತ್ತಿದ್ದವು ‘ಮಸೂಲಾ’ ಎಂಬ ದೋಣಿಗಳು. ಅವುಗಳ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಬಡಿದಾಗ ದೋಣಿ ಒಡೆಯದೆ ಸ್ವಲ್ಪ ಬಾಗಿ ತಾಳಿಕೊಳ್ಳುತ್ತಿತ್ತು. ಆದರೂ ಸರಕು ನೆನೆಯುವುದು, ದೋಣಿ ಮಗುಚುವುದು ಸಾಮಾನ್ಯವಾಗಿತ್ತು. ಅಲೆಗಳು ಮುರಿಯುವ ಜಾಗವನ್ನು ದಾಟಿ ಆಚೆಗೆ ಚಾಚುವ ಸೇತುವೆಯೊಂದಿದ್ದರೆ ಈ ಕಷ್ಟ ಕಡಿಮೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕರಾವಳಿಗಳಲ್ಲಿ ಇಂತಹ ಸೇತುವೆಗಳು ಎದ್ದುದಕ್ಕೆ ಇದೇ ಕಾರಣ.

ಪುದುಚೇರಿಯ ಎರಡು ಸೇತುವೆಗಳು

ಫ್ರೆಂಚರ ಆಳ್ವಿಕೆಯಲ್ಲಿದ್ದ ಪುದುಚೇರಿಯಲ್ಲಿ 1866ರಲ್ಲಿ ಒಂದು ಕಡಲ ಸೇತುವೆ ಬಳಕೆಗೆ ಬಂದಿತು. ಎಂಬತ್ತಕ್ಕೂ ಹೆಚ್ಚು ವರ್ಷ ನಿಂತಿದ್ದ ಅದು 1952ರ ಚಂಡಮಾರುತದಲ್ಲಿ ನಾಶವಾಯಿತು. ಬಳಿಕ ಊರಿನ ದಕ್ಷಿಣ ಭಾಗದಲ್ಲಿ ಹೊಸದೊಂದನ್ನು ಕಟ್ಟಲು ತೊಡಗಿ 1962ರಲ್ಲಿ ಮುಗಿಸಿದರು. ಕಾಲ ಬದಲಾಯಿತು. ಸರಕು ಸಾಗಣೆಯ ದಾರಿಗಳು ಬೇರೆಯಾದವು. ಎರಡನೆಯ ಸೇತುವೆಯೂ ಕ್ರಮೇಣ ಕೆಲಸವಿಲ್ಲದೆ ಶಿಥಿಲವಾಯಿತು. ಆದರೆ ಅದಕ್ಕೆ ಇನ್ನೊಂದು ಬಗೆಯ ಕೆಲಸ ದೊರೆಯಿತು. ಸಮುದ್ರದಿಂದ ಮೇಲೇರುವ ಸೂರ್ಯನ ಮುಂದೆ ಅದರ ಕಂಬಗಳ ಸಾಲು ಕಪ್ಪಾಗಿ ಕಾಣುವ ನೋಟವನ್ನು ಸೆರೆಹಿಡಿಯಲು ಛಾಯಾಚಿತ್ರಕಾರರು ಬೆಳಕು ಹರಿಯುವ ಮೊದಲೇ ಅಲ್ಲಿಗೆ ಬರತೊಡಗಿದರು. 2022ರ ಮಾರ್ಚ್ 6ರಂದು, ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಕಡಲು ಉಕ್ಕೇರಿದ್ದಾಗ, ಈ ಸೇತುವೆಯ ಒಂದು ಭಾಗ ಕುಸಿದು ನೀರಿಗೆ ಬಿತ್ತು.

ತಿರುವನಂತಪುರದ ವಲಿಯತುರೈಯಲ್ಲಿಯೂ ಹೀಗೆಯೇ ಆಯಿತು. ಅಲ್ಲಿನ ಹಳೆಯ ಕಬ್ಬಿಣದ ಸೇತುವೆಗೆ 1947ರಲ್ಲಿ ಒಂದು ಹಡಗು ಬಡಿದು ಅದು ಹಾಳಾಯಿತು. 1956ರಲ್ಲಿ ಕಾಂಕ್ರೀಟಿನ ಹೊಸ ಸೇತುವೆ ಬಂದಿತು. 2021ರ ಮೇ ತಿಂಗಳ ಕಡಲಬ್ಬರದಲ್ಲಿ ಅದರ ಒಂದು ಭಾಗ ತಗ್ಗಿತು. 2024ರಲ್ಲಿ ಸೇತುವೆ ಎರಡಾಗಿ ಮುರಿಯಿತು.

ಕಬ್ಬಿಣ, ಕಾಂಕ್ರೀಟು ಇಷ್ಟು ಗಟ್ಟಿಯಾಗಿದ್ದೂ ಏಕೆ ಬೀಳುತ್ತವೆ? ವಿಜ್ಞಾನದ ಪಾಠದಲ್ಲಿ ತುಕ್ಕಿನ ಬಗ್ಗೆ ಓದಿದ್ದೀರಿ. ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಸಮುದ್ರದ ಉಪ್ಪು ನೀರಿನೊಡನೆ ಅವುಗಳ ಮೂಲಕ ಒಳಗಿಳಿದು ಉಕ್ಕಿನ ಸರಳನ್ನು ಮುಟ್ಟುತ್ತದೆ. ಸರಳು ತುಕ್ಕು ಹಿಡಿದಾಗ ಆ ತುಕ್ಕು ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಒಳಗಿನಿಂದ ಹೀಗೆ ಒತ್ತಡ ಬಿದ್ದು ಕಾಂಕ್ರೀಟು ಬಿರಿಯುತ್ತದೆ. ಬಿರುಕಿನಿಂದ ಮತ್ತಷ್ಟು ಉಪ್ಪುನೀರು ಒಳಹೋಗುತ್ತದೆ. ಯಾವಾಗಲೂ ನೀರಿನಲ್ಲಿ ಮುಳುಗಿರುವ ಭಾಗಕ್ಕಿಂತ, ಅಲೆ ಬಡಿದು ನೆನೆಯುತ್ತ ಗಾಳಿಗೆ ಒಣಗುತ್ತ ಇರುವ ನಡುವಿನ ಭಾಗವೇ ಬೇಗ ಕೆಡುತ್ತದೆ. ಏಕೆಂದರೆ ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಈ ಕೆಲಸ ಒಂದು ದಿನದ್ದಲ್ಲ, ಹತ್ತಾರು ವರ್ಷಗಳದ್ದು. ಬಿದ್ದ ದಿನ ಮಾತ್ರ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ.

ಬ್ರೈಟನ್ನಿನ ಸೇತುವೆ

ಪುದುಚೇರಿಯ ಮೊದಲ ಸೇತುವೆ ಬಳಕೆಗೆ ಬಂದ 1866ರಲ್ಲಿಯೇ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ‘ವೆಸ್ಟ್ ಪಿಯರ್’ ತೆರೆಯಿತು. ಅದನ್ನು ರೂಪಿಸಿದವರು ಯುಜೀನಿಯಸ್ ಬರ್ಚ್ ಎಂಬ ಎಂಜಿನಿಯರು. ಅದು ಸರಕಿನ ಸೇತುವೆಯಲ್ಲ, ಜನರ ವಿಹಾರಕ್ಕೆ ಕಟ್ಟಿದ್ದು. ಮುಂದೆ ಅದರ ಮೇಲೆ ದೊಡ್ಡ ಮಂಟಪವನ್ನೂ, 1916ರಲ್ಲಿ ಸಂಗೀತಶಾಲೆಯನ್ನೂ ಕಟ್ಟಿದರು. ದುರಸ್ತಿಗೆ ಹಣ ಸಾಲದೆ 1975ರಲ್ಲಿ ಅದನ್ನು ಮುಚ್ಚಿದರು.

ಅಲ್ಲಿಂದ ಮುಂದೆ ಅದರ ಪತನವನ್ನು ಆ ಊರಿನವರೂ ಪ್ರವಾಸಿಗಳೂ ವರ್ಷ ವರ್ಷವೂ ಛಾಯಾಚಿತ್ರಗಳಲ್ಲಿ ಹಿಡಿಯುತ್ತ ಬಂದರು. 2002ರ ಡಿಸೆಂಬರಿನಲ್ಲಿ ಒಂದು ಭಾಗ ಕುಸಿಯಿತು. 2003ರಲ್ಲಿ ಮಾರ್ಚಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಬೆಂಕಿ ಬಿದ್ದಿತು. 2014ರ ಫೆಬ್ರವರಿಯ ಬಿರುಗಾಳಿಯಲ್ಲಿ ಉಳಿದ ಅಸ್ಥಿಪಂಜರವೂ ಸೀಳಿತು. 1975ರ ಚಿತ್ರದಲ್ಲಿ ಅರಮನೆಯಂತಹ ಕಟ್ಟಡ; 2003ರ ಬೆಂಕಿಯ ಬಳಿಕದ ಚಿತ್ರದಲ್ಲಿ ಮಾಡಿಲ್ಲದ ಕಬ್ಬಿಣದ ಚೌಕಟ್ಟು; 2014ರ ಬಳಿಕದ ಚಿತ್ರದಲ್ಲಿ ನೀರಿನ ನಡುವೆ ಒಂಟಿಯಾದ ಕಂಬಗಳ ಗುಂಪು. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಆ ಸೇತುವೆಯ ಚರಿತ್ರೆಯನ್ನು ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ.

ಚೆಂದದ ಚಿತ್ರ, ಸಾಕ್ಷಿಯ ಚಿತ್ರ

ತರಗತಿಯಲ್ಲಿ ಈ ವಿಷಯ ಬಂದಾಗ, “ಹೇಗೂ ಬೀಳುವ ಕಟ್ಟಡದ ಚಿತ್ರ ತೆಗೆದರೆ ಏನು ಪ್ರಯೋಜನ, ಸಾರ್? ಚಿತ್ರ ತೆಗೆದರೆ ಅದು ನಿಲ್ಲುತ್ತದೆಯೇ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದನು. ಒಳ್ಳೆಯ ಪ್ರಶ್ನೆ. ಚಿತ್ರ ಕಟ್ಟಡವನ್ನು ನಿಲ್ಲಿಸುವುದಿಲ್ಲ, ನಿಜ. ಆದರೆ ಬಿರುಕು ಯಾವ ವರ್ಷ ಕಾಣಿಸಿಕೊಂಡಿತು, ಯಾವ ಕಂಬ ಮೊದಲು ವಾಲಿತು, ಮರಳು ಎಷ್ಟು ಸರಿಯಿತು ಎಂಬುದನ್ನು ಹೇಳಬಲ್ಲುದು. ದುರಸ್ತಿ ಮಾಡುವವರಿಗೆ ಬೇಕಾದದ್ದು ಈ ವಿವರವೇ. ಉಳಿಸಲಾಗದೆ ಹೋದರೆ, ಮುಂದಿನವರು ಅದೇ ತಪ್ಪು ಮಾಡದಂತೆ ಎಚ್ಚರಿಸುವುದೂ ಈ ವಿವರವೇ.

ಎಲ್ಲ ಚಿತ್ರಗಳೂ ಇಂತಹ ಸಾಕ್ಷಿಯಾಗಲಾರವು. ಸೂರ್ಯೋದಯದ ಚಿತ್ರ ಬಲು ಚೆಂದ. ಆದರೆ ಬೆಳಕು ಹಿಂದಿನಿಂದ ಬರುವುದರಿಂದ ಕಂಬಗಳೆಲ್ಲ ಕಪ್ಪಾಗಿ, ಬಿರುಕಾಗಲಿ ತುಕ್ಕಾಗಲಿ ಕಾಣುವುದಿಲ್ಲ. ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು ತೆಗೆದ ಚಿತ್ರದಲ್ಲಿ ಸಮುದ್ರ ಮಂಜಿನಂತೆ ನುಣ್ಣಗೆ ಕಾಣುತ್ತದೆ. ಅಲೆ ಎಷ್ಟು ಎತ್ತರ ಬಡಿಯುತ್ತಿತ್ತೆಂಬುದು ಅಳಿಸಿಹೋಗುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ನಮ್ಮ ಬೆನ್ನ ಹಿಂದೆ ಇರುವಾಗ ತೆಗೆದ ಚಿತ್ರಕ್ಕೆ ಯಾರೂ ಚೌಕಟ್ಟು ಹಾಕಿಸಲಾರರು. ಆದರೂ ಕಂಬದ ಮೈಮೇಲಿನ ಗಾಯಗಳನ್ನು ತೋರಿಸುವುದು ಅದೇ. ಚೆಂದದ ಚಿತ್ರ ತೆಗೆಯಬಾರದೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ ಇನ್ನೊಂದನ್ನೂ ತೆಗೆಯಿರಿ ಎಂದಷ್ಟೇ ನಮ್ಮ ಸಲಹೆ.

ಮರಳಿನ ಕಥೆ

ಪುದುಚೇರಿಯ ಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಸೇತುವೆಗಿಂತಲೂ ದೊಡ್ಡದೊಂದು ಸಂಗತಿ ತಿಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಊರಿನ ಮುಂದೆ ಅಗಲವಾದ ಮರಳದಂಡೆ ಇದೆ. ಅನಂತರದ ಚಿತ್ರಗಳಲ್ಲಿ ಮರಳೇ ಇಲ್ಲ. ಅಲೆಗಳನ್ನು ತಡೆಯಲು ಸುರಿದ ಕರಿಬಂಡೆಗಳ ಸಾಲು ಮಾತ್ರ.

ಮರಳು ಎಲ್ಲಿಗೆ ಹೋಯಿತು? ಸಮುದ್ರತೀರದ ಮರಳು ಒಂದೇ ಕಡೆ ನಿಂತಿರುವುದಿಲ್ಲ. ಅಲೆಗಳು ಓರೆಯಾಗಿ ಬಡಿಯುತ್ತ ಅದನ್ನು ದಡದ ಉದ್ದಕ್ಕೂ ಸಾಗಿಸುತ್ತವೆ. ಈ ಕರಾವಳಿಯಲ್ಲಿ ವರ್ಷದ ಲೆಕ್ಕ ನೋಡಿದರೆ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಮರಳೇ ಹೆಚ್ಚು. 1980ರ ದಶಕದ ಕೊನೆಯಲ್ಲಿ ಅರಿಯಾಂಕುಪ್ಪಂ ನದೀಮುಖದಲ್ಲಿ ಬಂದರಿಗಾಗಿ ಕಲ್ಲಿನ ಅಲೆತಡೆಗಳನ್ನು ಸಮುದ್ರದೊಳಕ್ಕೆ ಕಟ್ಟಿದರು. ಸೇತುವೆ ಕಂಬಗಳ ಮೇಲೆ ನಿಲ್ಲುವುದರಿಂದ ಮರಳು ಅದರ ಕೆಳಗೆ ಹರಿದುಹೋಗಬಲ್ಲುದು. ಕಲ್ಲಿನ ಗೋಡೆ ಹಾಗಲ್ಲ, ಮರಳಿನ ದಾರಿಯನ್ನೇ ಕಟ್ಟುತ್ತದೆ. ದಕ್ಷಿಣದಲ್ಲಿ ಮರಳು ರಾಶಿಬಿದ್ದಿತು, ಉತ್ತರದಲ್ಲಿ ದಂಡೆ ಕರಗಿತು. 2018ರ ಸುಮಾರಿಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನೀರಿನೊಳಗೆ ಕೃತಕ ದಿಬ್ಬವೊಂದನ್ನು ಇರಿಸಿದ ಮೇಲೆ ಊರಿನ ಮುಂದೆ ಮತ್ತೆ ಮರಳು ಸೇರಿತು. ಅದೂ ಚಿತ್ರಗಳಲ್ಲಿ ದಾಖಲಾಗಿದೆ.

ಇಲ್ಲಿ ನಮ್ಮ ಪಿನಾಕಿನಿಯನ್ನು ನೆನೆಯಬೇಕು. ದಂಡೆಯ ಮರಳಿನ ಬಹುಭಾಗ ನದಿಗಳು ಒಳನಾಡಿನಿಂದ ಹೊತ್ತು ತಂದದ್ದು. ಅಣೆಕಟ್ಟು ನೀರಿನೊಡನೆ ಮರಳನ್ನೂ ತಡೆಯುತ್ತದೆ. ಹೊಳೆಯ ಮರಳನ್ನು ಲಾರಿಗಟ್ಟಲೆ ತೆಗೆದರೆ ಕಡಲಿಗೆ ಸೇರುವುದು ಇನ್ನೂ ಕಡಿಮೆಯಾಗುತ್ತದೆ. ನಮ್ಮ ಕಡೆಯ ಬೆಟ್ಟಗುಡ್ಡಗಳಿಂದ ಇಳಿಯುವ ಮರಳಿಗೂ ಕಡಲತೀರದ ಮೀನುಗಾರನ ಮನೆಯಂಗಳಕ್ಕೂ ಹೀಗೆ ನಂಟಿದೆ.

ಹಂಪೆಯ ಉದಾಹರಣೆ

ಒಂದೇ ಜಾಗದಲ್ಲಿ ನಿಂತು ಮತ್ತೆ ಚಿತ್ರ ತೆಗೆಯುವ ಕ್ರಮಕ್ಕೆ ಉತ್ತಮವಾದ ಮಾದರಿ ಕನ್ನಡ ನಾಡಿನಲ್ಲಿಯೇ ದೊರೆಯುತ್ತದೆ. ಅದು ಕಡಲ ತೀರದ್ದಲ್ಲ, ತುಂಗಭದ್ರೆಯ ತೀರದ್ದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪೆಯ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದರು. ಆಗ ಫಿಲ್ಮಿನ ಸುರುಳಿ ಇರಲಿಲ್ಲ. ಮೇಣ ಸವರಿದ ದೊಡ್ಡ ಕಾಗದದ ಹಾಳೆಗಳ ಮೇಲೆ ಚಿತ್ರ ಮೂಡಿಸಬೇಕಾಗಿತ್ತು. ಒಂದೊಂದಕ್ಕೂ ನಿಮಿಷಗಟ್ಟಲೆ ಬೆಳಕು ಬೇಕಿತ್ತು. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ಛಾಯಾಚಿತ್ರಕಾರ ಜಾನ್ ಗಾಲಿಂಗ್ಸ್ ಹಂಪೆಗೆ ಬಂದು, ಗ್ರೀನ್‌ಲಾ ನಿಂತಿದ್ದ ತಾಣಗಳನ್ನೇ ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು. ಇಬ್ಬರ ಚಿತ್ರಗಳನ್ನೂ ಜೋಡಿಸಿದ ಪುಸ್ತಕ ಅನಂತರ ಹೊರಬಂದಿತು.

ಅದರಿಂದ ತಿಳಿದದ್ದೇನು? 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಭಾಗವನ್ನು ನೋಡಿರಿ. ವಿಠ್ಠಲ ದೇವಾಲಯದ ಕಲ್ಲಿನ ರಥ ಅಲ್ಲಿದೆ. ರಥವೆಂದರೆ ಇಷ್ಟೇ ಎಂದು ನಾವು ತಿಳಿದಿದ್ದೇವೆ. ಆದರೆ 1856ರ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಇಂದು ಅದು ಇಲ್ಲ. ಗ್ರೀನ್‌ಲಾ ಆ ದಿನ ಮೇಣದ ಕಾಗದವನ್ನು ಹೊತ್ತು ಅಲ್ಲಿ ನಿಲ್ಲದೆ ಇದ್ದಿದ್ದರೆ ಆ ಶಿಖರದ ರೂಪ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ತನ್ನ ಚಿತ್ರ ನೂರಾರು ವರ್ಷಗಳ ಬಳಿಕ ಏನು ಹೇಳಲಿದೆಯೆಂದು ತೆಗೆದವನಿಗೆ ತಿಳಿದಿರುವುದಿಲ್ಲ. ಆದುದರಿಂದಲೇ ಇಂದು ಸಾಧಾರಣವಾಗಿ ಕಾಣುವುದನ್ನೂ ಶ್ರದ್ಧೆಯಿಂದ ಹಿಡಿದಿಡಬೇಕು.

ಮಾಡುವ ಕ್ರಮ

ಈ ಕೆಲಸಕ್ಕೆ ದುಬಾರಿ ಕ್ಯಾಮೆರಾ ಬೇಡ. ಮನೆಯ ಮೊಬೈಲು ಸಾಕು. ನಿಯಮ ಮಾತ್ರ ಬೇಕು.

1. ನಿಲ್ಲುವ ಜಾಗವನ್ನು ಗೊತ್ತುಮಾಡಿಕೊಳ್ಳಿ. ಅಲುಗಾಡದ ಗುರುತು ಇರಲಿ: ಮೈಲಿಗಲ್ಲು, ಬಾವಿಯ ಕಟ್ಟೆ, ಮೆಟ್ಟಿಲ ಮೂಲೆ. ಅದರಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆದಿಡಿ.

2. ಪ್ರತಿ ಸಲವೂ ಒಂದೇ ಎತ್ತರದಲ್ಲಿ ಹಿಡಿಯಿರಿ. ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಬಳಸಬೇಡಿ. ಹಿಂದಿನ ವರ್ಷದ ಚಿತ್ರವನ್ನು ಕೈಯಲ್ಲಿ ಹಿಡಿದು, ಅದರ ಅಂಚುಗಳಿಗೆ ಹೊಂದಿಸಿ ತೆಗೆಯಿರಿ.

3. ಒಂದೇ ಕಾಲ, ಒಂದೇ ಹೊತ್ತು ಇರಲಿ. ನೆರಳು ಬದಲಾದರೆ ಹೋಲಿಕೆ ಕಷ್ಟ. ಕಡಲತೀರದಲ್ಲಿ ಉಬ್ಬರ ಇಳಿತಗಳನ್ನೂ ಗಮನಿಸಬೇಕು. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಅದರ ಹೊತ್ತು ದಿನದಿನಕ್ಕೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಒಂದು, ಉಬ್ಬರದಲ್ಲಿ ಒಂದು ಚಿತ್ರ ತೆಗೆದು ಹೋಲಿಸಿದರೆ ದಂಡೆ ಬೆಳೆಯಿತೋ ಕರಗಿತೋ ಹೇಳಲಾಗದು.

4. ತಾರೀಖು, ಹೊತ್ತು, ಜಾಗ, ತೆಗೆದವರ ಹೆಸರು ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಿದರೆ ಚಿತ್ರದ ಗಾತ್ರವೂ ಕುಗ್ಗುತ್ತದೆ, ಅದರೊಳಗಿನ ತಾರೀಖಿನ ವಿವರವೂ ಉಳಿಯುವುದಿಲ್ಲ. ಮೊಬೈಲು ಕೆಟ್ಟರೆ ಎಲ್ಲವೂ ಹೋದಂತೆ. ವರ್ಷಕ್ಕೆ ಒಂದನ್ನಾದರೂ ಕಾಗದದ ಮೇಲೆ ಮುದ್ರಿಸಿ ಇಡುವುದು ಲೇಸು.

5. ಪಾಳುಬಿದ್ದ ಕಟ್ಟಡದ ಒಳಗಾಗಲಿ, ಮೇಲಾಗಲಿ, ಕೆಳಗಾಗಲಿ ಹೋಗಕೂಡದು. ದೂರದಿಂದಲೇ ತೆಗೆಯಿರಿ. ಕೆರೆ, ಕಡಲುಗಳ ಬಳಿಗೆ ದೊಡ್ಡವರಿಲ್ಲದೆ ಹೋಗಬೇಡಿ. ಚಿತ್ರಕ್ಕಿಂತ ಪ್ರಾಣ ದೊಡ್ಡದು.

ನಮ್ಮ ಊರಿನಲ್ಲಿ

ಇಷ್ಟು ಓದಿದ ಮೇಲೆ, ಕಡಲು ದೂರ ಎಂದು ಯಾರೂ ಕೈಕಟ್ಟಿ ಕೂರಬೇಕಾಗಿಲ್ಲ. ಗುಡ್ಡದ ಮೇಲಿನ ಅರುಣಾಚಲೇಶ್ವರ ದೇವಾಲಯದ ಕಡೆಯಿಂದ ಊರನ್ನು ನೋಡಿರಿ. ಧರ್ಮಪುರಿ ಕೃಷ್ಣಗಿರಿ ಹೆದ್ದಾರಿಯ ಇಕ್ಕೆಲಗಳಲ್ಲಿ ಹೊಸ ಕಟ್ಟಡಗಳು ಏಳುತ್ತಿರುವುದು ಕಾಣುತ್ತದೆ. ಆ ನೋಟ ಹತ್ತು ವರ್ಷಗಳ ಬಳಿಕ ಹೀಗೆಯೇ ಇರಲಾರದು. ಕೆರೆಯ ನೀರಿನ ಮಟ್ಟ, ಹೊಲದಂಚಿನ ಹುಣಸೆಮರ, ನಾಡಹೆಂಚಿನ ಮನೆಗಳ ಬೀದಿ, ಯಾವುದಾದರೂ ಆಗಬಹುದು. ನಮ್ಮ ಜಿಲ್ಲೆ ವೀರಗಲ್ಲುಗಳಿಗೆ ಹೆಸರಾದದ್ದು. ತಮಿಳಿನಲ್ಲಿ ಅವನ್ನು ನಡುಕಲ್ ಎನ್ನುತ್ತಾರೆ. ಹಿಂದೆ ತಗಡೂರು ಎನಿಸಿದ್ದ ಧರ್ಮಪುರಿಯನ್ನು ನೊಳಂಬರು ಆಳಿದ ಕಾಲದ ಕನ್ನಡ ಶಾಸನಗಳೂ ಈ ನೆಲದಲ್ಲಿ ದೊರೆತಿವೆ. ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ಕಲ್ಲಿನ ಅಕ್ಷರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಬೆಳಿಗ್ಗೆಯೋ ಸಂಜೆಯೋ ಓರೆಬಿಸಿಲು ಬಿದ್ದಾಗ ಅಂತಹ ಕಲ್ಲಿನ ಚಿತ್ರ ತೆಗೆದರೆ ಸವೆದ ಗೆರೆಗಳೂ ನೆರಳಿನಲ್ಲಿ ಎದ್ದು ಕಾಣುತ್ತವೆ. ಕಲ್ಲನ್ನು ಉಜ್ಜುವುದು, ಸುಣ್ಣ ಬಳಿಯುವುದು ಮಾತ್ರ ಬೇಡ.

ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಫೋಟೋಗಳಿರಬಹುದು. ಅಜ್ಜನ ಮನೆಯ ಜಗುಲಿ, ಮದುವೆಯ ಚಪ್ಪರ, ಊರಬ್ಬದ ತೇರು. ಅವುಗಳಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ, ಮಕ್ಕಳನ್ನು ಅವರ ಪಕ್ಕ ಕೂರಿಸಿ ಹೆಸರು, ಊರು, ವರ್ಷ ಕೇಳಿಸಿ ಬರೆಯಿಸಿರಿ. ಚಿತ್ರದ ಬೆನ್ನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬರೆದರೆ ಸಾಕು. ಕನ್ನಡದಲ್ಲಿಯೇ ಬರೆಯಲಿ. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂತಹ ಮನೆಗಳಲ್ಲಿ ಅಜ್ಜಿ ಹೇಳುವ ಊರಿನ ಹೆಸರು, ಬಳಗದ ಹೆಸರು ಮೊಮ್ಮಗಳ ಕೈಬರಹದಲ್ಲಿ ಉಳಿಯುವುದೂ ಒಂದು ದಾಖಲೆಯೇ. ಹೆಸರಿಲ್ಲದ ಚಿತ್ರ ಎರಡು ತಲೆಮಾರು ಕಳೆದರೆ ಅಪರಿಚಿತರ ಚಿತ್ರವಾಗುತ್ತದೆ.

ಪುದುಚೇರಿಯ ಸೇತುವೆ ಬಿದ್ದ ಮೇಲೆ ಅದರ ಮುಂದೆ ನಿಂತು 2021ರ ಚಿತ್ರವನ್ನು ಯಾರೂ ತೆಗೆಯಲಾರರು. ಆಯಾ ವರ್ಷದ ಚಿತ್ರವನ್ನು ಆಯಾ ವರ್ಷವೇ ತೆಗೆಯಬೇಕು. ಆದುದರಿಂದ ಎಂಟನೆಯ ತರಗತಿಯ ಮಕ್ಕಳು ಈ ವರ್ಷವೇ ಒಂದೊಂದು ಜಾಗವನ್ನು ಆರಿಸಿಕೊಂಡು ಮೊದಲ ಚಿತ್ರ ತೆಗೆಯಲಿ. ಹತ್ತನೆಯ ತರಗತಿ ಮುಗಿಸುವ ವೇಳೆಗೆ ಮೂರು ಚಿತ್ರಗಳಾಗುತ್ತವೆ. ಶಾಲೆ ಬಿಡುವಾಗ ನೋಟುಪುಸ್ತಕವನ್ನು ಕಿರಿಯರ ಕೈಗೆ ಒಪ್ಪಿಸಿ ಹೋಗಲಿ. ಹೀಗೆ ಕೈಯಿಂದ ಕೈಗೆ ಸಾಗಿದರೆ, ನಿಮ್ಮ ಮಕ್ಕಳು ಇದೇ ಶಾಲೆಗೆ ಬರುವ ಹೊತ್ತಿಗೆ ಊರಿನ ಚರಿತ್ರೆಗೆ ಒಂದು ಒಳ್ಳೆಯ ಸಾಧನ ಸಿದ್ಧವಾಗಿರುತ್ತದೆ.

ಅಭ್ಯಾಸ

1. ಕಡಲ ಸೇತುವೆಯ ಕಂಬದಲ್ಲಿ ಯಾವ ಭಾಗ ಬೇಗ ಕೆಡುತ್ತದೆ? ಏಕೆ?

2. ಕಂಬಗಳ ಮೇಲೆ ನಿಂತ ಸೇತುವೆಗೂ ಕಲ್ಲಿನ ಅಲೆತಡೆಗೂ ಮರಳಿನ ವಿಷಯದಲ್ಲಿ ಇರುವ ವ್ಯತ್ಯಾಸವೇನು? ಚಿತ್ರ ಬರೆದು ವಿವರಿಸಿರಿ.

3. 50 ರೂಪಾಯಿ ನೋಟಿನ ಕಲ್ಲಿನ ರಥವನ್ನೂ 1856ರ ಚಿತ್ರದ ರಥವನ್ನೂ ಹೋಲಿಸಿ ನಾಲ್ಕು ವಾಕ್ಯ ಬರೆಯಿರಿ.

4. ನಿಮ್ಮ ಮನೆಯ ಹಳೆಯ ಫೋಟೋ ಒಂದನ್ನು ತೆಗೆದುಕೊಂಡು, ಅದರಲ್ಲಿರುವವರ ಬಗ್ಗೆ ಹಿರಿಯರನ್ನು ಕೇಳಿ ಒಂದು ಪುಟ ಬರೆದು ತನ್ನಿರಿ.